ಸ್ಪೀಕರ್ ಕೂರಿಸಲು ನನ್ನ ಹೆಲ್ಮೆಟ್‌ನ ಥರ್ಮಾಕೋಲ್ ಕೆತ್ತಿದ ಬಗ್ಗೆ ದೂರು

ಸಿದ್ದಾಪುರ, ಕೊಡಗು ಜಿಲ್ಲೆ
4 ಆಗಸ್ಟ್ 2025

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಜೂನ್ 14ರಂದು ಕುಶಾಲನಗರದಲ್ಲಿರುವ ನಿಮ್ಮ ಅಧಿಕೃತ ಡೀಲರ್ ಹತ್ತಿರ, ಬೈಕ್ ಓಡಿಸುತ್ತಲೇ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಹೆಲ್ಮೆಟ್ ಇಂಟರ್‌ಕಾಮ್ ಜೋಡಿಯೊಂದನ್ನು ಕೊಂಡೆ. ಒಂದು ನನಗೆ, ಇನ್ನೊಂದು ನನ್ನ ಅಣ್ಣನಿಗೆ. ಜೋಡಿಗೆ 21,800 ರೂಪಾಯಿ, ಹೆಲ್ಮೆಟ್‌ಗೆ ಕೂರಿಸಿಕೊಟ್ಟಿದ್ದಕ್ಕೆ ಬೇರೆ 600 ರೂಪಾಯಿ. ಬಿಲ್‌ನಲ್ಲಿ ಈ 600 ರೂಪಾಯಿಯ ಸಾಲು ಪ್ರತ್ಯೇಕವಾಗಿಯೇ ಇದೆ. ಪ್ರತಿಯನ್ನು ಇದರ ಜೊತೆ ಲಗತ್ತಿಸಿದ್ದೇನೆ. ದಯವಿಟ್ಟು ಆ ಸಾಲನ್ನು ಒಮ್ಮೆ ನೋಡಿ. ನನ್ನ ದೂರು ಅದರ ಬಗ್ಗೆಯೇ.

ನಾವಿಬ್ಬರೂ ದಿನಾ ಸಿದ್ದಾಪುರದಿಂದ ಕುಶಾಲನಗರಕ್ಕೆ ಕೆಲಸಕ್ಕೆ ಹೋಗಿ ಬರುವವರು. ಅಣ್ಣ ಕೂಡ್ಲೂರಿನ ಕಾಫಿ ಕ್ಯೂರಿಂಗ್‌ನಲ್ಲಿದ್ದಾನೆ, ನಾನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಬ್ಬರದ್ದೂ ಬೇರೆ ಬೇರೆ ಬೈಕ್. ನೆಲ್ಲಿಹುದಿಕೇರಿ, ವಾಲ್ನೂರು, ನಂಜರಾಯಪಟ್ಟಣ ದಾಟಿ ಗುಡ್ಡೆಹೊಸೂರಿಗೆ ಬಂದು ಸೇರುವ ರಸ್ತೆ ನಮ್ಮದು. ಎರಡೂ ಕಡೆ ಕಾಫಿ ತೋಟ, ಅದರಾಚೆ ಕಾಡು. ಈ ದಾರಿಯಲ್ಲಿ ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೆ ಎಂದು ಹೇಳಲು ಬರುವುದಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳುವುದೇ ಬೇಡ. ಫೋನ್ ಮಾಡೋಣ ಎಂದರೆ ಅರ್ಧ ದಾರಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಇಂಟರ್‌ಕಾಮ್‌ಗೆ ನೆಟ್‌ವರ್ಕ್ ಬೇಕಿಲ್ಲ, ಹೆಲ್ಮೆಟ್‌ನಿಂದ ಹೆಲ್ಮೆಟ್‌ಗೆ ಬ್ಲೂಟೂತ್‌ನಲ್ಲೇ ಮಾತು ಹೋಗುತ್ತದೆ. ನಾವು ಇದನ್ನು ಕೊಂಡಿದ್ದು ಹಾಡು ಕೇಳುವುದಕ್ಕಲ್ಲ. ಮುಂದೆ ಹೋಗುವವರು ಹಿಂದೆ ಬರುವವರಿಗೆ 'ನಿಲ್ಲು' ಎಂದು ಹೇಳುವುದಕ್ಕೆ.

ಅಣ್ಣನ ಹೆಲ್ಮೆಟ್‌ನಲ್ಲಿ ಕಿವಿಯ ಹತ್ತಿರ ಸ್ಪೀಕರ್ ಕೂರಲು ಕಂಪನಿಯವರೇ ಗುಂಡಿ ಬಿಟ್ಟಿದ್ದಾರೆ. ನನ್ನದರಲ್ಲಿ ಅದು ಇಲ್ಲ. ಕೂರಿಸುವ ಹುಡುಗ ನೋಡಿದ ಕೂಡಲೇ 'ಇದಕ್ಕೆ ಸ್ವಲ್ಪ ಜಾಗ ಮಾಡ್ಬೇಕು ಅಕ್ಕಾ, ಎಲ್ಲರಿಗೂ ಹೀಗೇ ಮಾಡೋದು' ಎಂದು ಹೇಳಿ ಹೆಲ್ಮೆಟನ್ನು ಅಂಗಡಿಯ ಒಳಗೆ ತೆಗೆದುಕೊಂಡು ಹೋದ. ಅರ್ಧ ಗಂಟೆಯಲ್ಲಿ ತಂದುಕೊಟ್ಟ. ಮನೆಗೆ ಬಂದು ಜರ್ಕಿನ್ ಬಿಚ್ಚುವಾಗ ತೋಳಿನ ಮೇಲೆ ಸಾಸಿವೆ ಗಾತ್ರದ ಬಿಳಿ ಮಣಿಗಳು ಅಂಟಿಕೊಂಡಿದ್ದವು. ಹೊಸ ಪೆಟ್ಟಿಗೆಯ ಪ್ಯಾಕಿಂಗ್‌ನದ್ದು ಇರಬೇಕು ಎಂದುಕೊಂಡು ಕೊಡವಿ ಸುಮ್ಮನಾದೆ. ಅದು ನನ್ನ ಹೆಲ್ಮೆಟ್‌ನ ಒಳಗಿನದ್ದೇ ಎಂದು ಆವತ್ತು ಹೊಳೆಯಲಿಲ್ಲ.

ಮೊದಲ ದಿನದಿಂದಲೇ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ನಲವತ್ತರ ಸ್ಪೀಡ್ ದಾಟಿದರೆ ಅಣ್ಣನ ದನಿ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ತಲೆ ಎಡಕ್ಕೆ ತಿರುಗಿಸಿದರೆ ಎಡ ಸ್ಪೀಕರ್ ಪೂರ್ತಿ ಬಂದ್. ನನ್ನ ಮಾತಂತೂ ಅವನಿಗೆ ಬರೀ ಗಾಳಿಯ ಸದ್ದಾಗಿ ಕೇಳುತ್ತಿತ್ತು. ಡೀಲರ್‌ಗೆ ಫೋನ್ ಮಾಡಿದಾಗ 'ಹೊಸದಲ್ವಾ, ಅಭ್ಯಾಸ ಆಗ್ಬೇಕು, ವಾಲ್ಯೂಮ್ ಜಾಸ್ತಿ ಮಾಡಿ' ಎಂದರು. ಎರಡು ವಾರ ಹಾಗೇ ಓಡಿಸಿದೆ.

ಜೂನ್ 28, ಶನಿವಾರ. ಸಂಜೆ ಆರೂಕಾಲು ಇರಬಹುದು. ಮಳೆ ಸಣ್ಣಗೆ ಹನಿಯುತ್ತಿತ್ತು, ವಾಲ್ನೂರು ದಾಟಿದ್ದೆವು. ಅಣ್ಣ ಸುಮಾರು ಇನ್ನೂರು ಮೀಟರ್ ಮುಂದಿದ್ದ. ತಿರುವಿನ ಆಚೆ ತೋಟದ ಗೇಟಿನಿಂದ ಆನೆ, ಜೊತೆಗೆ ಮರಿ, ರಸ್ತೆಗೆ ಇಳಿಯುತ್ತಿದ್ದವು. ಅವನು ಬೈಕ್ ನಿಲ್ಲಿಸಿ 'ನಿಲ್ಲು, ಬರಬೇಡ, ಆನೆ' ಎಂದು ನಾಲ್ಕೈದು ಸಲ ಕೂಗಿದನಂತೆ. ನನಗೆ ಕೇಳಿಸಿದ್ದು ಕರಕರ ಸದ್ದು ಅಷ್ಟೇ. ನಾನು ಹಾಗೇ ಹೋಗುತ್ತಿದ್ದೆ. ಕೊನೆಗೆ ಅವನು ಬೈಕ್ ತಿರುಗಿಸಿಕೊಂಡು ಹೆಡ್‌ಲೈಟ್ ಮಿನುಗಿಸುತ್ತಾ ನನ್ನ ಎದುರಿಗೇ ಬಂದ. ಆಗ ಬ್ರೇಕ್ ಹಾಕಿದೆ. ಅಲ್ಲಿಂದ ತಿರುವಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಇಬ್ಬರೂ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಮಳೆಯಲ್ಲಿ ನಿಂತೆವು. ಮರಿ ದಾಟುವವರೆಗೂ ತಾಯಿ ರಸ್ತೆ ಮಧ್ಯದಿಂದ ಕದಲಲಿಲ್ಲ. ನನ್ನ ಕೈ ನಡುಗುವುದು ಮನೆಗೆ ಬಂದ ಮೇಲೂ ನಿಂತಿರಲಿಲ್ಲ.

ಅವತ್ತು ರಾತ್ರಿಯೇ ಹೆಲ್ಮೆಟ್ ಬಿಚ್ಚಿದೆವು. ಮೊದಲು ಯಂತ್ರದಲ್ಲಿ ದೋಷ ಇದೆಯೇ ಎಂದು ನೋಡಲು ಇಬ್ಬರ ಯೂನಿಟ್‌ಗಳನ್ನು ಅದಲುಬದಲು ಮಾಡಿದೆವು. ನನ್ನ ಯೂನಿಟ್ ಅಣ್ಣನ ಹೆಲ್ಮೆಟ್‌ನಲ್ಲಿ ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಅವನ ಯೂನಿಟ್ ನನ್ನ ಹೆಲ್ಮೆಟ್‌ಗೆ ಬಂದ ಕೂಡಲೇ ಅದೇ ಕರಕರ. ಅಂದರೆ ನಿಮ್ಮ ಯಂತ್ರ ಚೆನ್ನಾಗಿಯೇ ಇದೆ. ಕೂರಿಸಿದ ರೀತಿಯೇ ತಪ್ಪು.

ಆಮೇಲೆ ಕೆನ್ನೆಯ ಪ್ಯಾಡ್ ಕಿತ್ತು ನೋಡಿದರೆ ಎರಡೂ ಕಡೆ ಥರ್ಮಾಕೋಲ್‌ನಲ್ಲಿ ಹಳ್ಳ. ಅಂಚು ನೆಟ್ಟಗಿಲ್ಲ, ಬ್ಲೇಡ್‌ನಲ್ಲಿ ಕೊಯ್ದು ಬೆರಳಿನಲ್ಲಿ ಕಿತ್ತ ಹಾಗೆ ಇದೆ. ಸ್ಕೇಲ್ ಇಟ್ಟು ಅಳೆದೆ. ಪಕ್ಕದಲ್ಲಿ 25 ಮಿಲಿಮೀಟರ್ ದಪ್ಪ ಇರುವ ಥರ್ಮಾಕೋಲ್ ಹಳ್ಳದ ತಳದಲ್ಲಿ 9 ಮಿಲಿಮೀಟರ್ ಉಳಿದಿದೆ. ಅದನ್ನೂ ಕಿವಿಯ ನೇರಕ್ಕೆ ಕೆತ್ತಿಲ್ಲ, ಕೈಗೆ ಸುಲಭವಾದ ಕಡೆ, ಎರಡು ಸೆಂಟಿಮೀಟರ್ ಹಿಂದಕ್ಕೆ ಕೆತ್ತಿದ್ದಾರೆ. ಸ್ಪೀಕರ್ ಕಿವಿಯ ರಂಧ್ರದ ಎದುರಿಗೆ, ಕಿವಿಗೆ ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. ಒಂದು ಸೆಂಟಿಮೀಟರ್ ಆಚೀಚೆ ಆದರೂ ಸದ್ದು ತುಂಬಾ ಕಡಿಮೆಯಾಗುತ್ತದೆ. ಇಲ್ಲಿ ಅದು ಹಳ್ಳದೊಳಗೆ ಹೂತು, ನನ್ನ ಕಿವಿಯ ಹಿಂದಿನ ಮೂಳೆಗೆ ಮಾತಾಡುತ್ತಿತ್ತು. ಎಡಗಡೆಯ ವೈರ್ ಪ್ಯಾಡ್‌ನ ಒತ್ತುಗುಂಡಿಯ ಕೆಳಗೆ ಸಿಕ್ಕಿ ಸಿಪ್ಪೆ ಹರಿದು ತಾಮ್ರ ಕಾಣುತ್ತಿದೆ. ಮೈಕ್ ವಿಷಯವೂ ಅಷ್ಟೇ. ನನ್ನದು ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್. ಅದಕ್ಕೆ ಗದ್ದದ ಪಟ್ಟಿಯ ಒಳಗೆ ಅಂಟಿಸುವ ಬಟನ್ ಮೈಕ್ ಬೇಕು. ಅದು ಪೆಟ್ಟಿಗೆಯಲ್ಲಿ ಕವರ್ ಕೂಡ ಒಡೆಯದೆ ಹಾಗೇ ಬಿದ್ದಿತ್ತು. ಓಪನ್ ಫೇಸ್ ಹೆಲ್ಮೆಟ್‌ಗೆ ಹಾಕುವ ಕಡ್ಡಿ ಮೈಕನ್ನು ಬಗ್ಗಿಸಿ ನನ್ನ ಕೆನ್ನೆಗೆ ಒತ್ತಿಟ್ಟಿದ್ದರು.

ವೈರ್, ಮೈಕ್, ಸ್ಪೀಕರ್ ಇವೆಲ್ಲ ಮತ್ತೆ ಸರಿ ಮಾಡಬಹುದು. ಥರ್ಮಾಕೋಲ್ ಮಾತ್ರ ಮಾಡಲಾಗದು. ತಲೆ ನೆಲಕ್ಕೆ ಬಡಿದಾಗ ಹೊರಗಿನ ಚಿಪ್ಪು ಹೊಡೆತವನ್ನು ಹರಡುತ್ತದೆ, ಒಳಗಿನ ಥರ್ಮಾಕೋಲ್ ತಾನು ಜಜ್ಜಿಹೋಗಿ ಆ ಹೊಡೆತವನ್ನು ನುಂಗುತ್ತದೆ. ಜಜ್ಜಲು ಅಲ್ಲಿ ದಪ್ಪ ಇರಬೇಕಲ್ವಾ? ಕೆತ್ತಿದ ಜಾಗಕ್ಕೆ ತುಂಡು ತುಂಬಿ ಅಂಟು ಹಾಕಿದರೆ ಅದು ಮೊದಲಿನಂತೆ ಆಗುವುದಿಲ್ಲ. ಸಾಲದ್ದಕ್ಕೆ ಆ ಹಳ್ಳದಲ್ಲಿ ಗಟ್ಟಿಯಾದ ಸ್ಪೀಕರ್ ಬೇರೆ ಕೂತಿದೆ, ನೇರ ನನ್ನ ತಲೆಬುರುಡೆಯ ಪಕ್ಕ. ಹೆಲ್ಮೆಟ್ ಹಿಂದೆ ಐಎಸ್ 4151 ಎಂಬ ಐಎಸ್‌ಐ ಗುರುತು ಇದೆ. ಪರೀಕ್ಷೆಯಲ್ಲಿ ಪಾಸಾಗಿ ಆ ಗುರುತು ಪಡೆದದ್ದು ಇಡಿಯಾದ ಹೆಲ್ಮೆಟ್, ಹಳ್ಳ ಬಿದ್ದದ್ದಲ್ಲ. ನಿಮ್ಮ ಪೆಟ್ಟಿಗೆಯಲ್ಲಿರುವ ಕೈಪಿಡಿಯಲ್ಲೇ ಒಳಪದರವನ್ನು ಕತ್ತರಿಸಬಾರದು, ಸ್ಪೀಕರ್ ಕೂರದಿದ್ದರೆ ಬೇರೆ ಹೆಲ್ಮೆಟ್ ಬಳಸಿ ಎಂದು ಬರೆದಿದ್ದೀರಿ. ಆ ಹುಡುಗ ಅದೇ ಮಾತನ್ನು ಹೇಳಿದ್ದರೆ ನಾನು ಹೆಲ್ಮೆಟ್ ಬದಲಾಯಿಸಿಯೇ ಬರುತ್ತಿದ್ದೆ. ಬೇಸರವೂ ಆಗುತ್ತಿರಲಿಲ್ಲ.

ಜುಲೈ 1ರಂದು ಫೋಟೋಗಳ ಸಮೇತ ನಿಮಗೆ ಇಮೇಲ್ ಬರೆದೆ. ಕಳಿಸಿಕೊಡಿ ಎಂದಿರಿ, ನನ್ನ ಖರ್ಚಿನಲ್ಲೇ ಕೊರಿಯರ್ ಮಾಡಿದೆ. ಜುಲೈ 24ಕ್ಕೆ ಹೆಲ್ಮೆಟ್ ವಾಪಸ್ ಬಂತು. ಜೊತೆಗೆ ಎರಡು ಸಾಲಿನ ಚೀಟಿ: 'ಗ್ರಾಹಕರು ಹೆಲ್ಮೆಟ್‌ನ ಒಳಭಾಗವನ್ನು ಮಾರ್ಪಡಿಸಿದ್ದಾರೆ. ವಾರಂಟಿ ಅನ್ವಯಿಸುವುದಿಲ್ಲ.'

ಈ ಚೀಟಿ ಓದಿ ನನಗೆ ಆದ ಸಂಕಟ ಆನೆಯ ಎದುರು ನಿಂತಾಗಲೂ ಆಗಿರಲಿಲ್ಲ. ಕೆತ್ತಿದ್ದು ನಿಮ್ಮ ಡೀಲರ್‌ನ ಹುಡುಗ, ನಿಮ್ಮ ಬೋರ್ಡ್ ಇರುವ ಅಂಗಡಿಯೊಳಗೆ, ನನ್ನಿಂದ ದುಡ್ಡು ತೆಗೆದುಕೊಂಡು. ಅದಕ್ಕೆ ಬಿಲ್ ಇದೆ. ತಪ್ಪನ್ನು ನನ್ನ ಹೆಸರಿಗೆ ಬರೆಯುವ ಮುಂಚೆ ನಿಮ್ಮವರು ಒಂದು ಫೋನ್ ಮಾಡಿ ಕೇಳಬಹುದಿತ್ತು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ತೋಟ, ಬೆಟ್ಟ, ತಿರುವು ಅಡ್ಡ ಬಂದಾಗ ಇಂಟರ್‌ಕಾಮ್‌ನ ದೂರ ಕಡಿಮೆಯಾಗುತ್ತದೆ ಎಂದು ನನಗೆ ಗೊತ್ತು. ಪೆಟ್ಟಿಗೆಯ ಮೇಲೆ ಬರೆದಿರುವ ದೂರ ಬಯಲಿನ ಲೆಕ್ಕ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಇಪ್ಪತ್ತು ದಾಟಿರಲಿಕ್ಕಿಲ್ಲ, ಮರ್ಯಾದೆಯಿಂದ ಮಾತಾಡಿದ. ಅವನಿಗೆ ಯಾರೂ ಕಲಿಸಿಲ್ಲ. ದಯವಿಟ್ಟು ಅವನ ಕೆಲಸ ಕಿತ್ತುಕೊಂಡು ಈ ವಿಷಯ ಮುಗಿಯಿತು ಎನ್ನಬೇಡಿ. ಅವನಿಗೆ ಕಲಿಸಿ.

ಹೆಲ್ಮೆಟ್‌ನ ಬೆಲೆ 6,200 ರೂಪಾಯಿ, ಕೂರಿಸಿದ 600, ಕೊರಿಯರ್‌ನ 380, ಒಟ್ಟು 7,180 ರೂಪಾಯಿ ವಾಪಸ್ ಕೊಡಿ. ಹರಿದ ಸ್ಪೀಕರ್ ವೈರ್ ಬದಲಿಸಿಕೊಡಿ. 'ಗ್ರಾಹಕರು ಮಾರ್ಪಡಿಸಿದ್ದಾರೆ' ಎಂಬ ಮಾತನ್ನು ಬರವಣಿಗೆಯಲ್ಲೇ ವಾಪಸ್ ತೆಗೆದುಕೊಳ್ಳಿ.

ಇದಕ್ಕಿಂತ ಮುಖ್ಯವಾದ ಬೇಡಿಕೆ ಇನ್ನೊಂದಿದೆ. 'ಎಲ್ಲರಿಗೂ ಹೀಗೇ ಮಾಡೋದು' ಎಂದು ಆ ಹುಡುಗ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಹಾಗಿದ್ದರೆ ಒಳಗೆ ಹಳ್ಳ ಬಿದ್ದ ಹೆಲ್ಮೆಟ್ ಹಾಕಿಕೊಂಡು ಇನ್ನೂ ಎಷ್ಟು ಜನ ಈ ಆಟಿ ತಿಂಗಳ ಮಳೆಯಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಓಡಾಡುತ್ತಿದ್ದಾರೆ? ಪ್ಯಾಡ್ ಕೀಳದೆ ಅವರಿಗೆ ಅದು ಗೊತ್ತಾಗುವುದಿಲ್ಲ. ನಾನೂ ಕಿತ್ತದ್ದು ಆನೆ ಎದುರಾದ ಮೇಲೆ. ಆ ಅಂಗಡಿಯಲ್ಲಿ ದುಡ್ಡು ಕೊಟ್ಟು ಇಂಟರ್‌ಕಾಮ್ ಕೂರಿಸಿಕೊಂಡವರ ಫೋನ್ ನಂಬರ್‌ಗಳು ಬಿಲ್ ಪುಸ್ತಕದಲ್ಲಿ ಇದ್ದೇ ಇರುತ್ತವೆ. ಒಬ್ಬೊಬ್ಬರಿಗೂ ಫೋನ್ ಮಾಡಿಸಿ. ಹೆಲ್ಮೆಟ್ ತೋರಿಸಿ ಎಂದು ಕರೆಸಿ. ಕೆತ್ತಿದ್ದು ಕಂಡರೆ ಬೇರೆ ಹೆಲ್ಮೆಟ್ ಕೊಡಿ.

ಈ ಪತ್ರ ಸಿಕ್ಕ 15 ದಿನದೊಳಗೆ ಉತ್ತರ ಬೇಕು. ಬರದಿದ್ದರೆ 1915 ನಂಬರಿನ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನನ್ನಂಥ ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಮಡಿಕೇರಿ ನನಗೆ ದೂರವೂ ಅಲ್ಲ.

ಆ ಹೆಲ್ಮೆಟನ್ನು ಹಾಕಿಕೊಳ್ಳುವುದು ಬಿಟ್ಟಿದ್ದೇನೆ. ಬೇರೆ ಯಾರ ಕೈಗೂ ಸಿಗದ ಹಾಗೆ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ನಿಮ್ಮವರು ಬಂದು ನೋಡುವುದಾದರೆ ಯಾವ ಭಾನುವಾರ ಬೇಕಾದರೂ ಬರಲಿ, ಪ್ಯಾಡ್ ಕಿತ್ತು ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್‌ನ ಪ್ರತಿ, ಹೆಲ್ಮೆಟ್ ಒಳಭಾಗದ ಆರು ಫೋಟೋಗಳು, ಕೊರಿಯರ್ ರಸೀದಿ, ಜುಲೈ 24ರ ಚೀಟಿಯ ಪ್ರತಿ