ಅಲುಗಾಡದೆ ಮಲಗಿದ್ದೆಲ್ಲ ನಿದ್ದೆಯಲ್ಲ

ಮಾನ್ಯ ಸಂಪಾದಕರೇ,

ಬೌದ್ಧಿಕ ಅಂಗವೈಕಲ್ಯ ಇರುವವರ ನಿದ್ದೆ ಅಳೆಯಲು ಮಣಿಕಟ್ಟಿನ ಪಟ್ಟಿ, ಹಾಸಿಗೆಯಡಿಯ ಸೆನ್ಸರ್ ಬಳಸುವುದು ಒಳ್ಳೆಯದೇ. ಮೈತುಂಬ ವೈರು ಅಂಟಿಸುವ ಪೂರ್ಣ ನಿದ್ರಾ ಪರೀಕ್ಷೆಯನ್ನು ಅವರಲ್ಲಿ ಅನೇಕರು ಸಹಿಸುವುದಿಲ್ಲ. ಆದರೆ ಬೆಳಿಗ್ಗೆ ಮೊಬೈಲ್‌ನಲ್ಲಿ ಕಂಡ ‘7 ಗಂಟೆ 40 ನಿಮಿಷ’ವನ್ನು ನಂಬಿ ರಾತ್ರಿಯ ಮಾತ್ರೆ ಏರಿಸುವುದು, ಇಳಿಸುವುದು ಅಪಾಯ.

ಮಣಿಕಟ್ಟಿನ ಪಟ್ಟಿ ಮುಖ್ಯವಾಗಿ ಎಣಿಸುವುದು ಕೈಯ ಅಲುಗಾಟವನ್ನು. 30 ಸೆಕೆಂಡ್ ಅಥವಾ ಒಂದು ನಿಮಿಷದ ತುಣುಕಿನಲ್ಲಿ ಚಲನೆ ಕಡಿಮೆಯಾದರೆ ‘ನಿದ್ದೆ’ ಎಂದು ಬರೆದುಕೊಳ್ಳುತ್ತದೆ. ಕತ್ತಲಲ್ಲಿ ಕಣ್ಣುಬಿಟ್ಟು ಎರಡು ಗಂಟೆ ಸುಮ್ಮನೆ ಬಿದ್ದುಕೊಂಡವರ ಖಾತೆಗೂ ನಿದ್ದೆ ಜಮೆಯಾಗುತ್ತದೆ. ಸೆರೆಬ್ರಲ್ ಪಾಲ್ಸಿಯಿಂದ (ಮೆದುಳಿನ ಹಾನಿಯಿಂದ ಚಲನೆ ಕುಂದುವ ಸ್ಥಿತಿ) ಕೈ ಬಿಗಿದವರಲ್ಲಿ, ಮಂಪರಿನ ಔಷಧಿ ತೆಗೆದುಕೊಳ್ಳುವವರಲ್ಲಿ ಈ ತಪ್ಪು ಇನ್ನೂ ದೊಡ್ಡದು. ನಿದ್ದೆಯಲ್ಲೂ ಮೈ ತೂಗುವವರಲ್ಲಿ ಉಲ್ಟಾ, ನಿದ್ದೆಯೂ ಎಚ್ಚರವೆಂದು ದಾಖಲಾಗುತ್ತದೆ. ‘ಗಾಢ ನಿದ್ದೆ’, ‘ಕನಸಿನ ನಿದ್ದೆ’ ಎಂದು ಮೊಬೈಲ್ ತೋರಿಸುವ ಬಣ್ಣದ ಪಟ್ಟೆಗಳನ್ನಂತೂ ಪಕ್ಕಕ್ಕಿಡಿ.

ಪಟ್ಟಿಯನ್ನು ಮೊದಲ ದಿನವೇ ರಾತ್ರಿ ಕಟ್ಟಿದರೆ ಕಿತ್ತೆಸೆಯುವ ಸಂಭವವೇ ಹೆಚ್ಚು. ಹಗಲು ಇಷ್ಟದ ಕೆಲಸದ ಹೊತ್ತಿನಲ್ಲಿ ಹತ್ತು ನಿಮಿಷ, ಮರುದಿನ ಅರ್ಧ ಗಂಟೆ, ಹೀಗೆ ರೂಢಿ ಮಾಡಿಸಿ. ರಬ್ಬರ್ ಬದಲು ಮೆತ್ತನೆ ಬಟ್ಟೆಯ ಪಟ್ಟಿ ಹಾಕಿ, ಮಿನುಗುವ ದೀಪ ಆರಿಸಿ. ಕೈ ಒಗ್ಗದೆಂದು ಕಾಲಿಗೆ ಕಟ್ಟಿದರೆ ಮಣಿಕಟ್ಟಿಗೆಂದು ಮಾಡಿದ ಲೆಕ್ಕ ಅಲ್ಲಿ ಹೊಂದುವುದಿಲ್ಲ. ಕನಿಷ್ಠ 7 ರಾತ್ರಿ, ಸಾಧ್ಯವಾದರೆ 14 ರಾತ್ರಿಯ ದಾಖಲೆ ಬೇಕು. ಜೊತೆಗೆ ಕಾಗದದ ಡೈರಿ: ದೀಪ ಆರಿಸಿದ್ದು, ಎದ್ದದ್ದು, ಮಾತ್ರೆ ಕೊಟ್ಟದ್ದು, ಪಟ್ಟಿ ಕಳಚಿದ್ದು, ಹಗಲಿನ ತೂಕಡಿಕೆ, ಎಲ್ಲದರ ಸಮಯ. ಡೈರಿ ಇಲ್ಲದಿದ್ದರೆ ಮೇಜಿನ ಮೇಲೆ ಬಿಟ್ಟ ಪಟ್ಟಿಯೂ ಸೊಗಸಾಗಿ ಒಂಬತ್ತು ಗಂಟೆ ನಿದ್ದೆ ಮಾಡಿಬಿಡಬಹುದು!

ಹಾಸಿಗೆಯಡಿಯ ಸೆನ್ಸರ್ ಉಸಿರಿನ ಏರಿಳಿತವನ್ನೂ ಹೃದಯ ಬಡಿತದ ಸಣ್ಣ ಕಂಪನವನ್ನೂ ಹಿಡಿಯುತ್ತದೆ. ಅದನ್ನು ಸಾಮಾನ್ಯವಾಗಿ ಎದೆಯ ನೇರಕ್ಕೆ ಅಡ್ಡಲಾಗಿ ಇಡಬೇಕು. ಹುಣ್ಣಾಗದಂತೆ ಬಳಸುವ ಗಾಳಿ ಹಾಸಿಗೆಯ ಪಂಪ್ ನಡುಗಿದರೆ ಲೆಕ್ಕ ಕೆಡುತ್ತದೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಸ್ಥಿತಿ) ಇರುವ ಕೆಲವರು ಕಾಲು ಮಡಚಿ ಕುಳಿತು, ಮುಂದಕ್ಕೆ ಬಾಗಿಯೇ ನಿದ್ರಿಸುತ್ತಾರೆ. ಆಗ ಎದೆ ಸೆನ್ಸರ್‌ನಿಂದ ದೂರ ಸರಿದಿರುತ್ತದೆ. ಯಂತ್ರಕ್ಕೆ ಸಿಗದ ಆ ಭಂಗಿ ನೋಡುವವರಿಗೆ ದೊಡ್ಡ ಸುಳಿವು. ಗಂಟಲಿನ ದಾರಿ ಕಟ್ಟಿ ಉಸಿರು ನಿಂತುನಿಂತು ಬರುವ ಸ್ಲೀಪ್ ಆಪ್ನಿಯ ಡೌನ್ ಸಿಂಡ್ರೋಮ್ ಇರುವವರಲ್ಲಿ ಬಹಳ ಸಾಮಾನ್ಯ. ಲಕ್ಷಣ ಕಾಣದಿದ್ದರೂ ಈ ಮಕ್ಕಳಿಗೆ 4 ವರ್ಷದೊಳಗೆ ಪೂರ್ಣ ನಿದ್ರಾ ಪರೀಕ್ಷೆ ಆಗಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು ಅದಕ್ಕೇ. ಚಲನೆಯನ್ನಷ್ಟೇ ನೋಡುವ ಪಟ್ಟಿ ಇದನ್ನು ಪತ್ತೆ ಹಚ್ಚದು. ಗೊತ್ತಿಲ್ಲದೆ ಕೊಟ್ಟ ಕೆಲವು ನಿದ್ದೆ ಮಾತ್ರೆಗಳು ಗಂಟಲಿನ ಸ್ನಾಯು ಸಡಿಲಿಸಿ ತೊಂದರೆ ಹೆಚ್ಚಿಸಬಹುದು.

ಒಪ್ಪಿಗೆಯ ವಿಷಯ. ಖಾಸಗಿತನದ ಹಕ್ಕು ಅಂಗವಿಕಲರಿಗೂ ಇದೆ ಎನ್ನುತ್ತದೆ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 22ನೇ ವಿಧಿ. ರೂಢಿ ಮಾಡಿಸಿದ ಮೇಲೂ ದಿನವೂ ಪಟ್ಟಿ ಕಿತ್ತರೆ ‘ಬೇಡ’ ಎಂದೇ ಓದಿಕೊಳ್ಳಬೇಕು.

ಆರೈಕೆಯವರು ರಾತ್ರಿ ಗಂಟೆಗೊಮ್ಮೆ ಟಾರ್ಚ್ ಹಿಡಿದು ಬಾಗಿಲು ತೆರೆಯುವ ಪದ್ಧತಿ ಇರುವ ಕಡೆ, ಗ್ರಾಫಿನಲ್ಲಿ 12, 1, 2 ಗಂಟೆಗೆ ಸರಿಯಾಗಿ ಎಚ್ಚರ ಕಾಣಿಸಿದರೆ ಮಾತ್ರೆಗೆ ಕೈಹಾಕುವ ಮೊದಲು ಕೆಲವು ರಾತ್ರಿ ಬಾಗಿಲು ತೆರೆಯದೆ ನೋಡಿ. ರಾತ್ರಿ ಫಿಟ್ಸ್ ಬರುವವರ ಮಾತು ಬೇರೆ. ಅವರ ಬಗ್ಗೆ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಇತಿ,
ಆರೈಕೆ ಕ್ಷೇತ್ರದ ಓದುಗರು