ಗುಂಪಿಗೆ ಸೂಚನೆ: ಒಳ್ಳೆಯ ಕಾಮೆಂಟರಿ, ಕೆಟ್ಟ ಕಾಮೆಂಟರಿ

ಎಲ್ಲರಿಗೂ ನಮಸ್ಕಾರ. ಕ್ರಿಕೆಟ್ ಕಾಮೆಂಟೇಟರ್‌ಗಳಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಅನ್ನೋ ಚರ್ಚೆ ನಿನ್ನೆ ರಾತ್ರಿ ತುಂಬಾ ಜೋರಾಯಿತು. ಭಾನುವಾರ ರಾತ್ರಿಯೊಳಗೆ ನಿಮ್ಮ ಆಯ್ಕೆ ಹಾಕಿ. ಸುಮ್ನೆ ಹೆಸರು ಬೇಡ, ಕಾರಣವನ್ನೂ ಬರೆಯಿರಿ.

ಟಿವಿಗೂ ರೇಡಿಯೊಗೂ ಬೇರೆ ಬೇರೆ ಹೆಸರು ಕೊಡಿ. ಟಿವಿಯಲ್ಲಿ ಚೆಂಡು ನಮಗೇ ಕಾಣುತ್ತದೆ, ಅಲ್ವಾ? ರೇಡಿಯೊದಲ್ಲಿ ಚೆಂಡು ಎಲ್ಲಿಗೆ ಹೋಯಿತು, ಯಾರು ಹಿಡಿದರು, ಸ್ಕೋರ್ ಎಷ್ಟು, ಎಲ್ಲವೂ ಮಾತಿನಲ್ಲೇ ಬರಬೇಕು.

ಟಿವಿಗೆ ನನ್ನ ಆಯ್ಕೆ ಆಸ್ಟ್ರೇಲಿಯಾದ ಮಾಜಿ ನಾಯಕ ರಿಚಿ ಬೆನೊ. ಹೇಳಲು ಹೊಸದೇನಾದರೂ ಇದ್ದರೆ ಮಾತ್ರ ಬಾಯಿ ತೆರೆಯುತ್ತಿದ್ದರು. ರೇಡಿಯೊಗೆ ಬಿಬಿಸಿಯ ಜಾನ್ ಆರ್ಲಟ್. ಮೊದಲು ಪೊಲೀಸ್ ಕೆಲಸದಲ್ಲಿದ್ದವರು. 1980ರಲ್ಲಿ ಲಾರ್ಡ್ಸ್‌ನಲ್ಲಿ ಕಾಮೆಂಟೇಟರ್ ಆಗಿ ಅವರ ಕೊನೆಯ ಟೆಸ್ಟ್ ಪಂದ್ಯ. ವಿದಾಯದ ಭಾಷಣ ಮಾಡಲಿಲ್ಲ. ಮುಂದೆ ಯಾರು ಮಾತಾಡುತ್ತಾರೆ ಎಂದಷ್ಟೇ ಹೇಳಿ ಮುಗಿಸಿದರು. ಅವರ ಕಾಮೆಂಟರಿ ಮುಗಿಯಿತೆಂದು ಮೈದಾನದಲ್ಲಿ ಘೋಷಿಸಿದಾಗ ಆಟಗಾರರೂ ಚಪ್ಪಾಳೆ ತಟ್ಟಿದರು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೂಗುವುದೇ ತಪ್ಪು ಅಂತಲ್ಲ. 2016ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ಬ್ರಾತ್‌ವೇಟ್ ಸತತ 4 ಸಿಕ್ಸರ್ ಹೊಡೆದಾಗ ಕಾಮೆಂಟೇಟರ್ ಇಯಾನ್ ಬಿಷಪ್ ಕೂಗಿದ್ದು ಆ ಕ್ಷಣಕ್ಕೆ ಸರಿಯಾಗಿತ್ತು. ಒಂದು ರನ್ನಿಗೂ ಸಿಕ್ಸರ್‌ನಷ್ಟೇ ಕೂಗುವುದು ನನಗೆ ಕೆಟ್ಟ ಕಾಮೆಂಟರಿ. ವಿಕೆಟ್ ಬಿದ್ದರೂ ತಮ್ಮ ಕಾಲದ ಕತೆ ನಿಲ್ಲಿಸದವರು ಇನ್ನೂ ಜಾಸ್ತಿ ಬೇಸರ ತರಿಸುತ್ತಾರೆ.

ಕನ್ನಡ ಕಾಮೆಂಟರಿಯನ್ನು ಮರೆಯಬೇಡಿ. ಕನ್ನಡದಲ್ಲಿ ಕಾಮೆಂಟರಿ ಹೇಳುವ ಮಾಜಿ ಆಟಗಾರ ವಿಜಯ್ ಭಾರದ್ವಾಜ್ ಅವರ ಬಗ್ಗೆಯೂ ಬರೆಯಿರಿ.

ಟೀಕೆ ಕೆಲಸದ ಮೇಲಿರಲಿ. ರೂಪ, ಜಾತಿ, ಊರು ಎತ್ತಿದ ಸಂದೇಶ ಅಳಿಸುತ್ತೇನೆ.