ರಾಗದ ನಡುವೆ ಸನ್ಮಾನ ಬೇಡ

ಸಂಪಾದಕರಿಗೆ ನಮಸ್ಕಾರ.

ಗಣೇಶನ ಹಬ್ಬ ಹತ್ತಿರ ಬಂತು. ಊರೂರಲ್ಲಿ ಸಮಿತಿಯವರು ಕಾರ್ಯಕ್ರಮದ ಪಟ್ಟಿ ಮಾಡುತ್ತಿರುವ ಹೊತ್ತು ಇದು. ಕರಪತ್ರ ಅಚ್ಚಿಗೆ ಹೋಗುವ ಮೊದಲೇ ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನಾನು ಮೈಸೂರಿನವಳು, ವಯಸ್ಸು 57, ವೀಣೆ ನುಡಿಸುತ್ತೇನೆ. ಆಕಾಶವಾಣಿಯವರು ಪರೀಕ್ಷಿಸಿ ಕೊಡುವ ದರ್ಜೆಗಳಲ್ಲಿ ಬಿ-ಹೈ ಗ್ರೇಡ್ ಪಡೆದ ಕಲಾವಿದೆ. ಸಂಜೆ ಹೊತ್ತು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ.

ಹೋದ ವರ್ಷ ಮೈಸೂರಿಂದ ಎರಡು ಗಂಟೆ ದೂರದ ಒಂದು ಊರಿನ ಗಣೇಶೋತ್ಸವಕ್ಕೆ ಕರೆದಿದ್ದರು. ರಾಗ-ತಾನ-ಪಲ್ಲವಿ ನುಡಿಸಿ ಎಂದು ಅವರೇ ಕೇಳಿದ್ದರು. ಅಂದರೆ ಒಂದು ರಾಗವನ್ನು ಮೊದಲು ಆಲಾಪನೆಯಲ್ಲಿ, ಆಮೇಲೆ ತಾನದಲ್ಲಿ ಬೆಳೆಸಿ, ಕೊನೆಗೆ ತಾಳಕ್ಕೆ ಕಟ್ಟಿದ ಪಲ್ಲವಿ ಎಂಬ ಒಂದು ಸಾಲನ್ನು ವಿಸ್ತರಿಸುವುದು. ಎಷ್ಟು ಖುಷಿಯಾಯಿತು ಗೊತ್ತಾ? ಹಬ್ಬದ ಪೆಂಡಾಲಿನಲ್ಲಿ ಅದನ್ನು ಕೇಳುವವರು ಕಡಿಮೆ. ಖಂಡ ತ್ರಿಪುಟ ತಾಳದಲ್ಲಿ, ಅಂದರೆ ತಾಳದ ಒಂದು ಸುತ್ತಿಗೆ 9 ಎಣಿಕೆ, ಒಂದು ಪಲ್ಲವಿ ಕಟ್ಟಿಕೊಂಡೆ. ಎರಡು ತಿಂಗಳು ಬೆಳಗ್ಗೆ ಐದಕ್ಕೆ ಎದ್ದು ಸಾಧನೆ ಮಾಡಿದೆ. ಆರೂವರೆಯಾದರೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್. ಅಲ್ಲಿ ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುವುದೆಂದರೆ ನನಗೆ ಬಹಳ ಇಷ್ಟ. ಆ ಎರಡು ತಿಂಗಳು ಹಕ್ಕಿ ನೋಡುತ್ತಲೂ ಕೈ ತಾಳ ಹಾಕುತ್ತಿತ್ತು. ನಿಮ್ಮ ಪತ್ರಿಕೆಯ ಪದಬಂಧ ಬಿಡಿಸುವುದನ್ನೂ ಬಿಟ್ಟಿದ್ದೆ.

ಕಛೇರಿ ಅಂದರೆ ವೇದಿಕೆ ಮೇಲಿನ ಎರಡು ಗಂಟೆ ಮಾತ್ರ ಅಲ್ಲ. ನಾನು ಬಲಗೈಯ ತೋರುಬೆರಳು, ಮಧ್ಯದ ಬೆರಳಿನ ಉಗುರಿನಲ್ಲೇ ತಂತಿ ಮೀಟುತ್ತೇನೆ. ಉಗುರು ಸೀಳಿದರೆ ನಾದವೂ ಸೀಳುತ್ತದೆ. ಅದಕ್ಕೇ ಹತ್ತು ದಿನ ಮುಂಚಿನಿಂದ ಪಾತ್ರೆ ತೊಳೆಯುವುದಿಲ್ಲ, ಕಾಯಿ ತುರಿಯುವುದಿಲ್ಲ. ಆ ಕೆಲಸವೆಲ್ಲ ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ವೀಣೆಯ 24 ಮೆಟ್ಟಿಲು, ಅಂದರೆ ಸ್ವರಕ್ಕಾಗಿ ತಂತಿಯನ್ನು ಒತ್ತುವ ಲೋಹದ ಪಟ್ಟಿಗಳು, ಕೂತಿರುವುದು ಜೇನುಮೇಣದ ಮೇಲೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ತಪ್ಪುತ್ತದೆ. ಹಾಗಾಗಿ ದಾರಿಯಲ್ಲಿ ಊಟಕ್ಕೆ ಇಳಿದಾಗ ಒಬ್ಬರು ಉಂಡು ಬರುವ ತನಕ ಇನ್ನೊಬ್ಬರು ವೀಣೆಯನ್ನು ನೆರಳಲ್ಲಿಟ್ಟುಕೊಂಡು ಕೂರುತ್ತೇವೆ. ನನ್ನ ಎಡಗೈ ಬೆರಳ ತುದಿಯಲ್ಲಿ ತಂತಿ ಕೊರೆದ ಗೀರಿಗೆ ಈಗ ನಲವತ್ತು ವರ್ಷ.

ಅವತ್ತು ಆರೂವರೆಗೆ ಸರಿಯಾಗಿ ಕಛೇರಿ ಶುರುವಾಯಿತು. ವರ್ಣ, ಎರಡು ಕೀರ್ತನೆ ಮುಗಿಸಿ ಶಂಕರಾಭರಣ ರಾಗ ಎತ್ತಿಕೊಂಡೆ. ಆಲಾಪನೆ ಮುಗಿದು ತಾನ ಶುರುವಾಯಿತು. ವೀಣೆಗೆ ತಾನಕ್ಕಿಂತ ಒಪ್ಪುವ ಸಂಗತಿ ಇನ್ನೊಂದಿಲ್ಲ. ತಾಳವಾದ್ಯ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಆದರೂ ಮೀಟಿನಲ್ಲೇ ಒಂದು ನಡಿಗೆ ಇರುತ್ತದೆ. ಮುಂದಿನ ಸಾಲಿನಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಅಮ್ಮನ ಪಕ್ಕ ಕೂತಿದ್ದ. ನನ್ನ ಬಲಗೈ ಬೆರಳನ್ನೇ ನೋಡುತ್ತಾ ತನ್ನ ಮೊಣಕಾಲ ಮೇಲೆ ಅದೇ ನಡಿಗೆಯನ್ನು ತಟ್ಟುತ್ತಿದ್ದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು. ಅವತ್ತು ನಾನು ಅವನಿಗೋಸ್ಕರವೇ ನುಡಿಸಿದೆ.

ಅಷ್ಟರಲ್ಲಿ ಸಮಿತಿಯವರೊಬ್ಬರು ವೇದಿಕೆ ಹತ್ತಿ ಬಂದು, ‘ಅತಿಥಿಗಳು ಬಂದರು ಮೇಡಂ, ಐದೇ ನಿಮಿಷ’ ಎಂದರು. ತಾನವನ್ನು ನಡುವೆಯೇ ನಿಲ್ಲಿಸಿದೆ. ಎದ್ದು ನಿಲ್ಲಿ ಎಂದರು. ವೀಣೆಯನ್ನು ಜಮಖಾನದ ಮೇಲೆ ಮಲಗಿಸಿ ಎದ್ದೆ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ. ಫೋಟೋದವರು ಜಾಗ ಸಾಲದೆ ವೀಣೆ ದಾಟಿಕೊಂಡು ಓಡಾಡಿದರು. ನನ್ನ ಗುರುಗಳು ವೀಣೆಗೆ ಕಾಲು ತಾಗಿದರೆ ಅವತ್ತು ಪಾಠವನ್ನೇ ಮಾಡುತ್ತಿರಲಿಲ್ಲ. ಆಮೇಲೆ ಭಾಷಣ. ಅತಿಥಿಗಳು ರಸ್ತೆ ಕೆಲಸದ ಬಗ್ಗೆ, ಕುಡಿಯುವ ನೀರಿನ ಬಗ್ಗೆ ಮಾತಾಡಿದರು. ಅದೂ ಬೇಕಾದ ಮಾತೇ. ಆದರೆ ಎಲ್ಲ ಮುಗಿಯುವಾಗ 35 ನಿಮಿಷ ಕಳೆದಿತ್ತು. ಮತ್ತೆ ಕೂತು ನೋಡಿದರೆ, ದೀಪಗಳ ಕಾವಿಗೆ ಏಳೂ ತಂತಿ ಶ್ರುತಿ ಬಿಟ್ಟಿದ್ದವು. ಬಿರಡೆ ತಿರುಗಿಸುತ್ತಾ ತಲೆ ಎತ್ತಿದೆ. ಆ ಹುಡುಗನ ಕುರ್ಚಿ ಖಾಲಿ. ಮಾರನೇ ದಿನ ಶಾಲೆ ಇರುತ್ತದಲ್ವಾ, ಅಮ್ಮ ಕರೆದುಕೊಂಡು ಹೋಗಿದ್ದರು. ‘ಹತ್ತು ನಿಮಿಷದಲ್ಲಿ ಮುಗಿಸಿಬಿಡಿ, ಮಂಗಳಾರತಿಗೆ ಹೊತ್ತಾಯಿತು’ ಎಂದು ಚೀಟಿ ಬಂತು. ಒಂದು ದೇವರನಾಮ ನುಡಿಸಿ ಮಂಗಳ ಹಾಡಿದೆ. ಪಲ್ಲವಿ ಹಾಗೇ ಉಳಿಯಿತು. ವಾಪಸ್ ಬರುವಾಗ ಕಾರಿನಲ್ಲಿ ನಾವ್ಯಾರೂ ಜಾಸ್ತಿ ಮಾತಾಡಲಿಲ್ಲ.

ಸನ್ಮಾನ ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ರೀತಿಯಿಂದ ಹೊದಿಸಿದ ಶಾಲನ್ನು ಕಣ್ಣಿಗೊತ್ತಿಕೊಂಡೇ ಇಟ್ಟುಕೊಂಡಿದ್ದೇನೆ. ಎಷ್ಟೋ ಕಡೆ ಅತಿಥಿಗಳ ದೇಣಿಗೆಯಿಂದಲೇ ಪೆಂಡಾಲು ಎದ್ದಿರುತ್ತದೆ. ಅವರನ್ನು ಗೌರವಿಸದೆ ಕಳಿಸಲು ಸಮಿತಿಯವರಿಗೆ ಆಗುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಆದರೆ ಅದನ್ನು ಕಛೇರಿಗೆ ಮೊದಲೇ ಮಾಡಬಹುದು. ಅತಿಥಿಗಳು ತಡವಾಗಿ ಬಂದರೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿ. ಮಂಗಳ ಆದಮೇಲೆ ಎಷ್ಟು ಹೊತ್ತು ಬೇಕಾದರೂ ಭಾಷಣ ಆಗಲಿ, ನಾವೂ ಕೂತು ಕೇಳುತ್ತೇವೆ. ಆಕಾಶವಾಣಿ ಸ್ಟುಡಿಯೋದಲ್ಲಿ ಕೆಂಪು ದೀಪ ಹೊತ್ತಿಕೊಂಡರೆ ಒಳಗೆ ಯಾರೂ ಕಾಲಿಡುವುದಿಲ್ಲ. ಊರಿನ ವೇದಿಕೆಗೆ ದೀಪ ಬೇಕಿಲ್ಲ, ಸಮಿತಿಯಲ್ಲಿ ಒಬ್ಬರು ‘ಈಗ ಬೇಡ, ರಾಗ ನಡೀತಿದೆ’ ಎಂದು ಹೇಳಿದರೆ ಸಾಕು. ಇದು ಆಗದ ಕೆಲಸವೇನಲ್ಲ. ಇನ್ನೊಂದು ಊರಿನಲ್ಲಿ ಆರು ಗಂಟೆಗೇ ಸನ್ಮಾನ ಮುಗಿಸಿದ್ದರು. ಅಲ್ಲಿನ ಅತಿಥಿಗಳು ಕೊನೆವರೆಗೂ ಕೂತು, ಎದ್ದು ಹೋಗುವಾಗ ವೀಣೆಗೆ ಕೈ ಮುಗಿದು ಹೋದರು.

ಹೋದ ವರ್ಷದ ಆ ಊರಿನ ಸಮಿತಿಯವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಈ ಸಲ ಇನ್ನೊಮ್ಮೆ ಕರೆಯಿರಿ, ಸಂಭಾವನೆ ಬೇಡ, ಹೋಗಿಬರುವ ಖರ್ಚು ಕೊಟ್ಟರೆ ಸಾಕು. ಪಕ್ಕವಾದ್ಯದವರಿಗೆ ಮಾತ್ರ ಅವರ ಸಂಭಾವನೆ ಕೊಡಿ. ಶನಿವಾರ ಸಂಜೆ ಇಟ್ಟುಕೊಳ್ಳಿ, ಮಾರನೇ ದಿನ ಶಾಲೆ ಇರುವುದಿಲ್ಲ. ಆ ಹುಡುಗನ ಮನೆಗೂ ಹೇಳಿ ಕಳಿಸಿ. ಅದೇ ಪಲ್ಲವಿ ನುಡಿಸುತ್ತೇನೆ.

– ಒಬ್ಬ ವೀಣಾ ಕಲಾವಿದೆ, ಮೈಸೂರು